ಹಿಂದಿನ ಸೀಟಿನ ದೂರು

ಹತ್ತು ಪುಟದ ದೂರನ್ನು ಒಂದು ಸಾಲಿಗೆ ಇಳಿಸುವ ಕಲೆಯಲ್ಲಿ ಚಂದ್ರಕಾಂತರನ್ನು ಮೀರಿಸುವವರು ಇಡೀ ಸಚಿವಾಲಯದಲ್ಲೇ ಇರಲಿಲ್ಲ. ದೇಶದ ಮೂಲೆಮೂಲೆಯಿಂದ ಜನ ತಮ್ಮ ಕಷ್ಟವನ್ನು ಅಜ್ಜನ ಕಾಲದಿಂದ ಶುರುಮಾಡಿ, ನಡುವೆ ಮಗಳ ಮದುವೆ, ದಾಯಾದಿಗಳ ಜಗಳ ಎಲ್ಲವನ್ನೂ ಸೇರಿಸಿ ಬರೆದು ಕಳಿಸುತ್ತಿದ್ದರು. ಚಂದ್ರಕಾಂತರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಮ್ಮೆ ಕಣ್ಣಾಡಿಸಿ, ಮೇಲೆ ಒಂದು ಸಾಲು ಬರೆಯುತ್ತಿದ್ದರು: 'ಪಿಂಚಣಿ ತಡ'. ಮುಗಿಯಿತು, ಫೈಲು ಮುಂದಕ್ಕೆ. ಕುಂದುಕೊರತೆ ವಿಭಾಗದಲ್ಲಿ ಕೂತೇ ತಲೆ ನೆರೆಸಿಕೊಂಡವರಿಗೆ ಇದು ಬರೀ ಅಭ್ಯಾಸವಲ್ಲ, ಹೆಮ್ಮೆ. ತೊಂದರೆ ಏನೆಂದರೆ, ಹೆಮ್ಮೆಯ ಅಭ್ಯಾಸಗಳು ಸಂಜೆ ಕಚೇರಿಯ ಬೀರುವಿನಲ್ಲೇ ಉಳಿಯುವುದಿಲ್ಲ. ನಮ್ಮ ಜೊತೆಗೇ ಮನೆಗೆ ಬಂದು ಊಟಕ್ಕೂ ಕೂರುತ್ತವೆ.

ಮನೆ ಇದ್ದದ್ದು ದೆಹಲಿಯ ಲಕ್ಷ್ಮೀ ನಗರದಲ್ಲಿ, ಸಿಎ ಕೋಚಿಂಗ್ ಬೋರ್ಡುಗಳ ನಡುವೆ ಆಕಾಶವನ್ನು ಹುಡುಕಿಕೊಳ್ಳಬೇಕಾದ ಒಂದು ಗಲ್ಲಿಯ ಮೂರನೇ ಮಹಡಿಯಲ್ಲಿ. ಕೆಳಗೆ, ಮೆಟ್ಟಿಲ ಪಕ್ಕದಲ್ಲಿ, ಅವರ ಕಪ್ಪು ಬೈಕು. ಮಗಳು ತನ್ವಿ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗ ಕೊಂಡ ಗಾಡಿ ಅದು. ಈಗ ತನ್ವಿ ನೋಯ್ಡಾದ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹಳೆಯ ಗಾಡಿಗಳನ್ನು ರಸ್ತೆಯಿಂದ ಇಳಿಸುವ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಅದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ. "ಅಪ್ಪಾ, ಇದನ್ನ ನಿಕಾಲ್ ದೋ ನಾ, ತೆಗೆದುಹಾಕು. ಚಿಕ್ಕದೊಂದು ಕಾರ್ ತಗೊಳ್ಳೋಣ," ಎಂಬುದು ಅವಳ ನಿತ್ಯದ ಮಂತ್ರ. ಚಂದ್ರಕಾಂತರು ಅದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದರು.

ಆ ಗಾಡಿಯ ಮೇಲೆ ಅವರಿಗಿದ್ದ ಪ್ರೀತಿ ಗಾಡಿಗೆ ಸಂಬಂಧಿಸಿದ್ದಲ್ಲ. ಅವರ ಹೆಂಡತಿ ಲೀಲಾವತಿ ಪ್ರತಿ ಭಾನುವಾರ ಆರ್.ಕೆ. ಪುರಂನಲ್ಲಿ ದೆಹಲಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾರೆ. ವಾರವಿಡೀ ಒಂದು ಶಾಲೆಯ ಕಚೇರಿಯಲ್ಲಿ ದುಡಿದು ಬಂದು, ಅಡುಗೆ ಮುಗಿಸಿ, ಮಾತು ಆಡುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿರುತ್ತದೆ. ಆದರೆ ಭಾನುವಾರ ಬೆಳಿಗ್ಗೆ, ಸೀರೆಯ ನೆರಿಗೆ ಸರಿಮಾಡಿಕೊಂಡು, ಬೈಕಿನ ಹಿಂದೆ ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು, ಒಂದು ಕೈ ಗಂಡನ ಭುಜದ ಮೇಲಿಟ್ಟು ಕೂತರೆಂದರೆ ಮಾತಿನ ಗಂಟು ಬಿಚ್ಚಿತು. ಯಮುನೆ ದಾಟಿ, ಇಂಡಿಯಾ ಗೇಟ್ ಸುತ್ತಿ, ಆರ್.ಕೆ. ಪುರಂ ಸೇರುವ ತನಕ ಅದು ನಿಲ್ಲುತ್ತಿರಲಿಲ್ಲ. ಆ ಸವಾರಿ ಎಂದರೆ ಚಂದ್ರಕಾಂತರಿಗೆ ಹಬ್ಬ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೆಂಡತಿಗಂತೂ ಮೊದಲೇ ಇಲ್ಲ.

ಚಳಿ ಇಳಿಯತೊಡಗಿದ ಒಂದು ಭಾನುವಾರ ವಿಕಾಸ ಮಾರ್ಗದಲ್ಲಿ ಲೀಲಾವತಿ ಹೀಗೆಂದರು:

"ರೀ, ಹೋದ ವಾರದಿಂದ ಹೇಳ್ಬೇಕು ಅಂತಿದ್ದೆ. ಕಾಲು ಜುಮ್ ಜುಮ್ ಅನ್ನತ್ತೆ. ನಮ್ಮ ಗಲ್ಲೀಲಿ ಏನೂ ಇರಲ್ಲ, ಸೇತುವೆ ಏರೋವಾಗ ಶುರು ಆಗತ್ತೆ. ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ. ಸಿಗ್ನಲ್ ಹತ್ರ ನೀವು ಕ್ಲಚ್ ಹಿಡೀತೀರಲ್ಲ, ತಕ್ಷಣ ನಿಂತುಹೋಗತ್ತೆ. ಅಲ್ಲಿ ಹೋಗಿ ಇಳಿದ್ರೆ ಪಾದ ನಂದೋ ಪಕ್ಕದವರದೋ ಗೊತ್ತಾಗಲ್ಲ, ಹಾಗೆ ಜೋಮು ಹಿಡಿದಿರತ್ತೆ."

ಚಂದ್ರಕಾಂತರು ಎಲ್ಲವನ್ನೂ ಕೇಳಿದರು, ಒಳಗೇ ಒಂದು ಸಾಲು ಬರೆದುಕೊಂಡರು: 'ಕಾಲು, ಜುಮ್'. ಅವರಿಗೆ ಗಾಡಿಯಲ್ಲಿ ಯಾವ ತಕರಾರೂ ಕಾಣುತ್ತಿರಲಿಲ್ಲ. ಹ್ಯಾಂಡಲ್ ಸ್ವಲ್ಪ ನಡುಗುತ್ತಿತ್ತು ನಿಜ. ಆದರೆ ಅದು ದಿನದಿನಕ್ಕೂ ಇಷ್ಟಿಷ್ಟೇ ಏರಿದ್ದರಿಂದ ಕೈಗೆ ಒಗ್ಗಿಹೋಗಿತ್ತು. ಹಳೆಯ ಗಾಡಿಗೆ ಅಷ್ಟಾದರೂ ನಡುಕ ಬೇಡವೇ ಎಂದುಕೊಂಡಿದ್ದರು. ಹಾಗಾಗಿ ದೂರನ್ನು ಸಂಬಂಧಪಟ್ಟ ಇಲಾಖೆಗೆ ಕಳಿಸಿದರು.

"ಗಾಡೀಲಿ ಏನೂ ಇಲ್ಲ ಲೀಲಾ. ನಿನ್ನ ಕಾಲಲ್ಲೇ ಏನೋ ಇರ್ಬೇಕು. ವಯಸ್ಸಾಯ್ತಲ್ಲ, ವಿಟಮಿನ್ ಬಿ-ಟ್ವೆಲ್ವ್ ಟೆಸ್ಟ್ ಮಾಡಿಸೋಣ."

ಐಟಿಒ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದದ್ದೇ ಲೀಲಾವತಿ ಇಳಿದು, ಚೀಲ ಹೆಗಲಿಗೇರಿಸಿ, ಮೆಟ್ರೋ ಮೆಟ್ಟಿಲಿನ ಕಡೆಗೆ ನಡೆದೇಬಿಟ್ಟರು. ತಿರುಗಿ ನೋಡದೆಯೇ "ಇನ್ನು ಈ ಗಾಡಿ ನಾನು ಹತ್ತಲ್ಲ," ಎಂದದ್ದು ಹಿಂದೆ ನಿಂತಿದ್ದ ಆಟೋದವನಿಗೂ ಅರ್ಥವಾಯಿತು. ಕನ್ನಡ ಬಾರದಿದ್ದರೇನು, ಹೆಂಡತಿ ಸಿಟ್ಟಾದ ದನಿಗೆ ಭಾಷೆ ಬೇಕೇ?

ಬಿ-ಟ್ವೆಲ್ವ್ ಟೆಸ್ಟ್ ಆಯಿತು. ಲೀಲಾವತಿಯವರದು ಚೆನ್ನಾಗಿಯೇ ಇತ್ತು. ಜೊತೆಗೆ ಹೋದ ತಪ್ಪಿಗೆ ತಮ್ಮದನ್ನೂ ಮಾಡಿಸಿಕೊಂಡ ಚಂದ್ರಕಾಂತರದು ಕಡಿಮೆ ಬಂತು. ಆ ವಾರ ಅವರು ಮಾತ್ರೆ ನುಂಗುವಾಗಲೆಲ್ಲ ಹೆಂಡತಿ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದರು.

ಅಲ್ಲಿಂದ ಶುರುವಾಯಿತು ಚಂದ್ರಕಾಂತರ ಗ್ಯಾರೇಜ್ ಯಾತ್ರೆ. ಶಕರ್‌ಪುರದ ಮೂಲೆಯಲ್ಲಿ ನಸೀಮ್ ಭಾಯ್ ಎಂಬ ಮೆಕ್ಯಾನಿಕ್. ಬಲು ಲವಲವಿಕೆಯ ಮನುಷ್ಯ, ಬೈಕುಗಳನ್ನು ಮಾವನ ಮನೆಗೆ ಬಂದ ಅಳಿಯಂದಿರಂತೆ ಉಪಚರಿಸುತ್ತಾರೆ. ಚಂದ್ರಕಾಂತರು ಸರ್ಕಾರಿ ಹಿಂದಿ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವರು. ವೈಬ್ರೇಶನ್ ಗಿಬ್ರೇಶನ್ ಎಂದು ಇಂಗ್ಲಿಷ್ ಬೆರೆಸುವುದು ಅವರ ಗೌರವಕ್ಕೆ ಕಡಿಮೆ. ಗಾಡಿ ಹಿಂದಿನಿಂದ ಜುಮ್ ಎನ್ನುತ್ತದೆ ಎಂಬ ತಮ್ಮ ಒಂದು ಸಾಲಿನ ಸಾರಾಂಶವನ್ನು ನೇರ ಹಿಂದಿಗೆ ಇಳಿಸಿದರು.

"ಭಾಯ್, ಗಾಡಿ ಪೀಛೇ ಸೇ ಜುಮ್ ಜುಮ್ ಕರ್ತೀ ಹೈ."

"ಅಚ್ಛಾ!" ಎಂದರು ನಸೀಮ್ ಭಾಯ್, ಕಣ್ಣು ಅರಳಿಸಿ. "ಪೀಛೇ ಸೇ? ಮೇಡಂ ಬೈಠ್ತೀ ಹೈಂ ತಬ್?"

"ಹಾಂ, ತಬ್," ಎಂದು ಚಂದ್ರಕಾಂತರು, ಹೆಂಡತಿ ಕೂತಾಗಲೇ ಎಂಬುದನ್ನು ಖಚಿತಪಡಿಸಿದರು.

ಮೊದಲ ಶನಿವಾರ ಹಿಂದಿನ ಚಕ್ರದ ಬೇರಿಂಗ್ ಹೊಸದಾಯಿತು. ಲೀಲಾವತಿ ನಂಬಿ ಗಲ್ಲಿಯಿಂದ ಸೇತುವೆಯ ತುದಿಯ ತನಕ ಕೂತು ಹೋದರು. "ಹಾಗೇ ಇದೆ," ಎಂದು ಇಳಿದು ವಾಪಸು ನಡೆದು ಬಂದರು. ಮುಂದಿನ ಶನಿವಾರ ಎರಡೂ ಶಾಕ್ ಅಬ್ಸಾರ್ಬರ್. ಅದಾದ ಮೇಲೆ ಟೈರು. ಪ್ರತಿ ಸಲವೂ ನಸೀಮ್ ಭಾಯ್ ಗಾಡಿ ಹತ್ತಿ ಒಂದು ಸುತ್ತು ಹಾಕಿ ಬಂದು, ಎದೆಯ ಮೇಲೆ ಕೈಯಿಟ್ಟು, ಇನ್ನು ಅದು ರೈಲಿನ ಹಾಗೆ ನೆಟ್ಟಗೆ ಓಡುತ್ತದೆ ಎಂದು ಭರವಸೆ ಕೊಡುತ್ತಿದ್ದರು. ಗಾಡಿ ನೆಟ್ಟಗೇ ಓಡುತ್ತಿತ್ತು. ಹಿಂದೆಯೂ ನೆಟ್ಟಗೇ ಓಡುತ್ತಿತ್ತು!

"ಸರಿಹೋಯ್ತು ಲೀಲಾ," ಎಂದು ಚಂದ್ರಕಾಂತರು ಮನೆಯಲ್ಲಿ ಘೋಷಿಸುತ್ತಿದ್ದರು.

"ಕೂತು ನೋಡಿದ್ರಾ?"

"ನಾನು ದಿನಾ ಕೂರ್ತೀನಲ್ಲ."

"ಮುಂದೆ," ಎಂದು ಲೀಲಾವತಿ ಮೆಟ್ರೋ ಕಾರ್ಡು ತೆಗೆದುಕೊಂಡು ಹೊರಡುತ್ತಿದ್ದರು. ಎರಡು ಕಡೆ ರೈಲು ಬದಲಾಯಿಸಿ ಅವರು ಹೋಗುವುದು, ಖಾಲಿ ಸೀಟಿನ ಬೈಕಿನಲ್ಲಿ ಇವರು ಹಿಂದೆಯೇ ಹೋಗಿ ಪುಸ್ತಕದ ಚೀಲ ತಲುಪಿಸಿ, ತರಗತಿಯ ಹೊರಗೆ ಬಿಸಿಲಿಗೆ ಕೂರುವುದು. ಇದು ತಿಂಗಳು ದಾಟಿತು. ಚಂದ್ರಕಾಂತರಿಗೆ ಭಾನುವಾರವೆಂದರೆ ಉಪ್ಪಿಲ್ಲದ ಸಾರಾಯಿತು. ಇಂಡಿಯಾ ಗೇಟಿನ ಬಳಿ ಭುಜ ಹಗುರ ಎನಿಸಿದಾಗ ಅವರಿಗೆ ನಿಜವಾಗಿಯೂ ಅಳು ಬಂದಂತಾಗುತ್ತಿತ್ತು. ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಅದೇ ತರಗತಿಯಲ್ಲಿ ಪಾಠ ಮಾಡುವ ಸುಮಿತ್ರಾ ಘಾಜಿಯಾಬಾದಿನಿಂದ ಕಾರಿನಲ್ಲಿ ಬರುತ್ತಾರೆ. "ಈ ಭಾನುವಾರದಿಂದ ಮೇನ್ ರೋಡಲ್ಲಿ ನನ್ನನ್ನೂ ಹತ್ತಿಸ್ಕೋತಾರಂತೆ. ನೀವು ಆರಾಮಾಗಿ ಮನೇಲಿರಿ," ಎಂದರು ಲೀಲಾವತಿ, ಹುರುಳಿಕಾಯಿಯ ನಾರು ತೆಗೆಯುತ್ತ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಂದ್ರಕಾಂತರಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕಾರಿನ ಮೆತ್ತನೆಯ ಸೀಟಿಗೆ, ಸುಮಿತ್ರಾರ ಮಾತಿಗೆ ಒಮ್ಮೆ ಒಗ್ಗಿಕೊಂಡವರು ಮತ್ತೆ ಈ ಬೈಕಿಗೆ ಬರುತ್ತಾರೆಯೇ? ಶನಿವಾರ ಬೆಳಿಗ್ಗೆ ತಿಂಡಿಯನ್ನೂ ಪೂರ್ತಿ ತಿನ್ನದೆ ಗ್ಯಾರೇಜಿಗೆ ಹೊರಟರು. ತನ್ವಿಯೂ ಹೆಲ್ಮೆಟ್ ಎತ್ತಿಕೊಂಡಳು.

"ನಾನೂ ಬರ್ತೀನಿ. ಇವತ್ತು ಲಾಸ್ಟ್, ಅಪ್ಪಾ. ಠೀಕ್ ಆಗಲಿಲ್ಲ ಅಂದ್ರೆ ಗಾಡಿ ಬೇಚ್ ದೇಂಗೆ, ಮಾರಿಬಿಡೋಣ. ಪಕ್ಕಾ?"

"ಆಗಲಿ," ಎಂದರು ಚಂದ್ರಕಾಂತರು.

ಗ್ಯಾರೇಜಿನಲ್ಲಿ ಮತ್ತದೇ ದೂರು, ಅದೇ ಹಿಂದಿ. ನಸೀಮ್ ಭಾಯ್ ಸೋತ ಮುಖದಿಂದ ತಲೆ ಕೆರೆದುಕೊಂಡರು. "ಸಾಬ್, ಸಬ್ ತೋ ಬದಲ್ ದಿಯಾ. ಅಬ್ ಭೀ ಝೂಮ್ ರಹೀ ಹೈ?" ಎಂದು, ಎಲ್ಲ ಬದಲಾಯಿಸಿದ ಮೇಲೂ ಇನ್ನೂ ಹೀಗೆಯೇ ಎಂಬಂತೆ ತಮ್ಮ ಸೊಂಟವನ್ನೇ ಎಡಕ್ಕೂ ಬಲಕ್ಕೂ ಓಲಾಡಿಸಿ ತೋರಿಸಿದರು, ಮದುವೆ ದಿಬ್ಬಣದಲ್ಲಿ ಬ್ಯಾಂಡಿನ ಮುಂದೆ ಕುಣಿಯುವ ಸೋದರಮಾವನ ಹಾಗೆ.

ತನ್ವಿ ಒಮ್ಮೆ ಅವರ ಸೊಂಟ ನೋಡಿದಳು, ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ಟೈರುಗಳ ರಾಶಿಯ ಮೇಲೆ ಕುಸಿದು ಕೂತು ನಗತೊಡಗಿದಳು. ಮಾತಾಡಲು ಬಾಯಿ ತೆರೆದರೆ ಮತ್ತೆ ನಗು.

"ಅಪ್ಪಾ! ನೀನು ಜುಮ್ ಅಂದೆ. ಇವರು ಝೂಮ್ ಅಂತ ಸಮ್‌ಝೇ! ಝೂಮ್ನಾ ಅಂದ್ರೆ, ಅದು... ಅದೇ, ಕುಡ್ದವರ ತರಾ ತೂರಾಡೋದು!"

ಹಾಗಿತ್ತು ವಿಷಯ. ಲೀಲಾವತಿಯವರ ಕಾಲು ಕನ್ನಡದಲ್ಲಿ ಜುಮ್ ಎನ್ನುತ್ತಿತ್ತು, ನಸೀಮ್ ಭಾಯ್ ಒಂದು ತಿಂಗಳಿಂದ ಹಿಂದಿಯಲ್ಲಿ ತೂರಾಡುವ ಗಾಡಿಗೆ ಔಷಧ ಮಾಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ; ಇಲ್ಲಿ ಎಮ್ಮೆಯೂ ಪಾಪ ತುಟಿ ಪಿಟಕ್ಕೆನ್ನದೆ ಬೇರಿಂಗು, ಟೈರು ಎಲ್ಲ ಹಾಕಿಸಿಕೊಂಡಿತ್ತು. ಮೊದಲ ದರ್ಜೆಯ ಹಿಂದಿ ಪಂಡಿತರು ಇಂಗು ತಿಂದ ಮಂಗನಂತೆ ನಿಂತರು. ತನ್ವಿ ಕಣ್ಣೊರೆಸಿಕೊಂಡು ನಸೀಮ್ ಭಾಯಿಗೆ ವಿವರಿಸಿದಾಗ ಅವರು ಹಣೆ ಚಚ್ಚಿಕೊಂಡು ಇನ್ನೂ ದೊಡ್ಡದಾಗಿ ನಕ್ಕರು, ಮೂವರಿಗೂ ಚಹಾ ತರಿಸಿದರು.

ಚಹಾ ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ಜುಮ್ ಎನ್ನುವುದು ಯಾವಾಗ, ನಿಂತಾಗಲೋ ಓಡುವಾಗಲೋ? ಏರಿನಲ್ಲೋ ಸಮತಟ್ಟಿನಲ್ಲೋ? ಕ್ಲಚ್ ಹಿಡಿದರೆ ಹೋಗುತ್ತದೆಯೋ ಇರುತ್ತದೆಯೋ? ಹೋದರೆ ಎಂಜಿನ್ನಿನ ಕಡೆಯದು, ಇದ್ದರೆ ಚಕ್ರದ ಕಡೆಯದು. ಯಾವ ಕಾಲಿಗೆ?

ಲೀಲಾ ಏನೋ ಹೇಳಿದ್ದಳು, ಉದ್ದವಾಗಿಯೇ ಹೇಳಿದ್ದಳು. ಚಂದ್ರಕಾಂತರು ಸಾರಾಂಶ ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿದ್ದರು. ಹೆಂಡತಿಗೆ ಫೋನು ಮಾಡಿದರು.

"ಲೀಲಾ, ಆ ಜುಮ್ ಅಂದ್ಯಲ್ಲ, ಅದು ಯಾವಾಗ..."

"ಆವತ್ತೇ ಎಲ್ಲಾ ಹೇಳಿದ್ದೆ. ಮತ್ತೆ ಹೇಳಲ್ಲ," ಎಂದರು ಲೀಲಾವತಿ. ಹಿಂದೆ ಕುಕ್ಕರ್ ಕೂಗಿತು. "ಅಷ್ಟು ಬೇಕಿದ್ರೆ ನೀವೇ ಕೂತು ನೋಡಿ. ನಾನು ಕೂರೋ ಹಾಗೆ."

ಫೋನು ಸ್ಪೀಕರಿನಲ್ಲಿತ್ತು. ತನ್ವಿಯ ಕಣ್ಣು ಮಿಂಚಿತು. ನೋಯ್ಡಾದ ಆಫೀಸಿನ ಗೆಳತಿಯರ ಬೈಕುಗಳನ್ನೆಲ್ಲ ಓಡಿಸಿ ಕೈ ಪಳಗಿದವಳು ಅವಳು. "ಚಲೋ ಅಪ್ಪಾ, ನಾನು ಓಡಿಸ್ತೀನಿ. ನೀನು ಅಮ್ಮ!"

"ಆಗೋದಿಲ್ಲ," ಎಂದರು ಚಂದ್ರಕಾಂತರು. "ಹಿಂದೆ ಕೂರ್ತೀನಿ, ಗಂಡಸರ ಹಾಗೆ ಕೂರ್ತೀನಿ."

"ಅಮ್ಮನ ಫುಟ್‌ರೆಸ್ಟ್ ಬೇರೇನೇ ಅಲ್ವಾ?"

ಬೇರೆಯೇ. ಎಡಗಡೆ ಸೀರೆ ಗಾರ್ಡಿನ ಕೆಳಗೆ ಕಬ್ಬಿಣದ ಪುಟ್ಟ ಹಲಗೆಯೊಂದಿತ್ತು, ಒಂದೇ ಕಡೆ ಕೂರುವ ಹೆಂಗಸರು ಕಾಲಿಡಲೆಂದು. ಅದರ ರಬ್ಬರು ಸವೆದು ಯಾವ ಕಾಲವಾಗಿತ್ತೋ. ಆ ಹಲಗೆಯ ಮೇಲೆ ನಸೀಮ್ ಭಾಯ್ ಕಾಲಿಟ್ಟಿರಲಿಲ್ಲ, ಚಂದ್ರಕಾಂತರೂ ಇಟ್ಟಿರಲಿಲ್ಲ. ಲೋಕದಲ್ಲಿ ಅದರ ಸುದ್ದಿ ಗೊತ್ತಿದ್ದದ್ದು ಲೀಲಾವತಿಯವರ ಎರಡು ಪಾದಗಳಿಗೆ ಮಾತ್ರ. ಚಂದ್ರಕಾಂತರು ಅತ್ತಿತ್ತ ನೋಡಿದರು, ನಾಳೆ ಬರಲಿರುವ ಕಾರನ್ನು ನೆನೆದರು, ಮತ್ತೆ ಎರಡು ಕಾಲನ್ನೂ ಎಡಕ್ಕೆ ಇಳಿಬಿಟ್ಟು ಕೂತರು. ಮಾನ ಹೋಗುವುದಿದ್ದರೆ ಹೋಗಲಿ, ಭಾನುವಾರ ಉಳಿದರೆ ಸಾಕು.

ಗಾಡಿ ಗಲ್ಲಿಯಿಂದ ಹೊರಬಿದ್ದದ್ದೇ ಚಹಾ ಅಂಗಡಿಯ ಮುಂದೆ ಪುಸ್ತಕ ಹಿಡಿದು ನಿಂತಿದ್ದ ಕೋಚಿಂಗ್ ಹುಡುಗರು ಒಮ್ಮೆಲೇ ಓದು ನಿಲ್ಲಿಸಿದರು. "ಅಂಕಲ್ ಜೀ, ಪಲ್ಲೂ ಸಂಭಾಲೋ!" ಎಂದು ಒಬ್ಬ ಕೂಗಿದ. ಇಲ್ಲದ ಸೆರಗನ್ನು ಚಂದ್ರಕಾಂತರ ಕೈ ತಾನಾಗಿ ಹುಡುಕಿತು. ತನ್ವಿ ನಕ್ಕ ರಭಸಕ್ಕೆ ಬೈಕು ನಿಜವಾಗಿಯೂ ಒಂದು ಸಲ ತೂರಾಡಿತು.

ಸ್ವಲ್ಪ ಹೊತ್ತಿಗೆ ನಗೆಯ ಜಾಗಕ್ಕೆ ಅಚ್ಚರಿ ಬಂತು. ಇದೇ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದವರಿಗೆ ಅದು ಬೇರೆ ಊರಿನಂತೆ ಕಂಡಿತು. ಮುಂದೆ ಏನಿದೆ ಎಂಬುದು ಕಾಣದು, ಬರೀ ಪಕ್ಕದ್ದು. ಬ್ರೇಕು ಬೀಳುವುದು ಬಿದ್ದ ಮೇಲೆಯೇ ತಿಳಿಯುತ್ತದೆ. ಬಸ್ಸೊಂದು ಮೊಣಕಾಲಿಗೆ ಮುತ್ತಿಡುವಷ್ಟು ಹತ್ತಿರ ಬಂದು ಹೋಯಿತು. ಹಳ್ಳ ಬಂದರೆ ಹಿಡಿದುಕೊಳ್ಳಲು ಇರುವುದು ಒಂದು ಭುಜ ಮಾತ್ರ. ಹಾಗಿದ್ದೂ ಲೀಲಾ ಪ್ರತಿ ವಾರ ಇಲ್ಲಿ ಕೂತು, ಸೀರೆ ಹಿಡಿದುಕೊಂಡು, ಚೀಲ ಹಿಡಿದುಕೊಂಡು, ನಗುನಗುತ್ತ ಮಾತಾಡುತ್ತಿದ್ದಳಲ್ಲ! ಅವಳ ಧೈರ್ಯಕ್ಕೆ ಚಂದ್ರಕಾಂತರು ಮನಸ್ಸಿನಲ್ಲೇ ಕೈಮುಗಿದರು.

ಸೇತುವೆಯ ಏರು ಶುರುವಾಯಿತು. ಏನೂ ಆಗಲಿಲ್ಲ.

"ಏನಾದ್ರೂ ಆಗ್ತಿದ್ಯಾ?" ಎಂದು ತನ್ವಿ ಕೂಗಿದಳು.

"ಇಲ್ಲ ಮಗಳೇ."

"ಅಪ್ಪಾ, ಅಮ್ಮ ಆಫೀಸ್ ಶೂಸ್ ಹಾಕ್ಕೊಂಡು ಕೂರ್ತಾರಾ?"

ಚಂದ್ರಕಾಂತರು ತಮ್ಮ ಕಾಲು ನೋಡಿಕೊಂಡರು. ಎರಡು ಬೆರಳು ದಪ್ಪ ಅಟ್ಟೆಯ ಬೂಟು. ಲೀಲಾವತಿಯವರ ಚಪ್ಪಲಿಯೋ ಹಪ್ಪಳದಷ್ಟು ತೆಳು. ಬದಿಗೆ ನಿಲ್ಲಿಸಿ ಬೂಟು, ಕಾಲುಚೀಲ ಎರಡನ್ನೂ ಬಿಚ್ಚಿ, ಲೇಸಿಗೆ ಲೇಸು ಕಟ್ಟಿ ಕುತ್ತಿಗೆಗೆ ಹಾಕಿಕೊಂಡರು. ಮುಂದೆ ತಿರುಗಿ ಬಂದು ಅದೇ ಏರನ್ನು ಮತ್ತೆ ಹತ್ತಿದರು. ತನ್ವಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದಳು.

ಆಗ ಬಂತು. ಮೊದಲು ಬಲ ಅಂಗಾಲಿನ ನಡುವೆ ಇರುವೆ ಸಾಲೊಂದು ಹೊರಟಂತೆ, ಮರುಕ್ಷಣ ಹಿಮ್ಮಡಿಯಿಂದ ಮೊಣಕಾಲಿನ ತನಕ.

"ಜುಮ್!" ಎಂದು ಚಂದ್ರಕಾಂತರು ಯಮುನೆಯ ಎರಡೂ ದಡಕ್ಕೆ ಕೇಳುವಂತೆ ಕೂಗಿದರು. "ಜುಮ್ ಅಂತಿದೆ! ತನ್ವಿ, ಜುಮ್ ಅಂತಿದೆ ಕಣೇ! ನಿಮ್ಮಮ್ಮ ಹೇಳಿದ್ದು ನಿಜ!" ಪಕ್ಕದ ಕಾರಿನವರು ಗಾಜು ಇಳಿಸಿ ನೋಡಿದರು. ಇಷ್ಟು ದಿನ ಹುಡುಕಿದ ನೋವು ತಮ್ಮ ಕಾಲಿಗೇ ಬಂದಾಗ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ? ಅವರು ಪಟ್ಟರು. ಹೆಂಡತಿ ಸರಿ, ತಾನು ತಪ್ಪು ಎಂಬುದು ಇಷ್ಟು ಹಿತವಾದ ವಿಷಯವೆಂದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

"ಕ್ಲಚ್ ಹಿಡಿ!"

ತನ್ವಿ ಹಿಡಿದಳು. ಗಾಡಿ ಅದೇ ವೇಗದಲ್ಲಿ ಉರುಳುತ್ತಿತ್ತು, ಜುಮ್ ಮಾತ್ರ ನಿಂತಿತು. ಬಿಟ್ಟಳು, ಬಂತು. ಮತ್ತೆ ಹಿಡಿದಳು, ಹೋಯಿತು. ಚಕ್ರದ್ದಲ್ಲ, ಎಂಜಿನ್ನಿನದು. ಆಗ ಚಂದ್ರಕಾಂತರಿಗೆ ಲೀಲಾವತಿಯವರ ಅಂದಿನ ಮಾತು ಅಕ್ಷರ ಬಿಡದೆ ನೆನಪಾಯಿತು. ಸೇತುವೆ ಏರುವಾಗ. ಬಲಗಾಲಿಗೆ ಮೊದಲು. ಕ್ಲಚ್ ಹಿಡಿದರೆ ನಿಲ್ಲುತ್ತದೆ. ನಸೀಮ್ ಭಾಯ್ ಕೇಳಿದ ಅಷ್ಟೂ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು, ಕೇಳುವ ಮೊದಲೇ ಇತ್ತು.

ಗ್ಯಾರೇಜಿಗೆ ಬರಿಗಾಲಲ್ಲೇ ಇಳಿದು ಅವರು ನಸೀಮ್ ಭಾಯಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಹಿಂದಿ ಎಡವಿದ ಕಡೆ ಇಂಗ್ಲಿಷು, ಅದೂ ಎಡವಿದ ಕಡೆ ಕೈ. ಹೀಗೆ ಅಡ್ಡ ಕೂತಾಗ ಬಲಗಾಲೇ ಎಂಜಿನ್ನಿಗೆ ಹತ್ತಿರ ಎಂಬುದನ್ನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೋರಿಸಿದರು. ಹಾಗಾದರೆ ಎಂಜಿನ್ನಿನ ಹಿಂಭಾಗ ನೋಡಬೇಕು, ಅದನ್ನು ಗಾಡಿಗೆ ಬಿಗಿದಿರುವ ಕಡೆ, ಎಂದರು ನಸೀಮ್ ಭಾಯ್. ಇಬ್ಬರೂ ಒಟ್ಟಿಗೆ ಬಗ್ಗಿದರು. ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿಡುವ ಬೋಲ್ಟುಗಳಿಗೆ ಇಲ್ಲಿ ಫೌಂಡೇಶನ್ ಬೋಲ್ಟ್ ಎನ್ನುತ್ತಾರೆ. ಮುಂದಿನವು ಗಟ್ಟಿಯಾಗಿದ್ದವು, ಹಿಂದಿನ ಮೇಲಿನದೂ ಗಟ್ಟಿ. ಕೆಳಗಿನದರ ಮೇಲೆ ಗ್ರೀಸು, ಧೂಳು ಕೂಡಿ ರೊಟ್ಟಿಯಷ್ಟು ದಪ್ಪ ಕೂತಿತ್ತು. ನಸೀಮ್ ಭಾಯ್ ಸ್ಕ್ರೂಡ್ರೈವರಿನಿಂದ ಕೆರೆದರು. ಒಳಗೆ ಬೋಲ್ಟು ಇತ್ತು, ನಟ್ಟು ಎಲ್ಲೋ ಉದುರಿಹೋಗಿತ್ತು. ಬೆರಳಿನಿಂದ ನೂಕಿದರೆ ಬೋಲ್ಟು ಸಡಿಲ ಹಲ್ಲಿನಂತೆ ಅಲುಗಿತು.

ಮೂವರೂ ಒಟ್ಟಿಗೆ ಹೋ ಎಂದರು.

ಹೊಸ ಬೋಲ್ಟು, ಹೊಸ ನಟ್ಟು, ಸ್ಪ್ರಿಂಗ್ ವಾಷರ್ ಬಿದ್ದವು. ಹಲಗೆಗೆ ಹೊಸ ರಬ್ಬರೂ ಬಂತು. ಚಂದ್ರಕಾಂತರು ಈ ಸಲ ಕರೆಯುವ ಮೊದಲೇ ಎಡಗಡೆಗೆ ಕಾಲಿಳಿಬಿಟ್ಟು ಕೂತು, ಸೇತುವೆ ಏರಿ, ಇಳಿದು, ಮತ್ತೆ ಏರಿ ಬಂದರು. ಅಂಗಾಲಿಗೆ ತಣ್ಣನೆ ಗಾಳಿ ಬಿಟ್ಟರೆ ಬೇರೇನೂ ತಾಗಲಿಲ್ಲ. ಚಹಾ ಅಂಗಡಿಯ ಹುಡುಗರಿಗೆ ಅವರೇ ಕೈಬೀಸಿದರು.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿಗೆ ವರದಿ ಒಪ್ಪಿಸಿದರು. ಸಾರಾಂಶವಲ್ಲ, ಪೂರ್ತಿ. ಝೂಮ್ ಎಂದದ್ದು, ಪಲ್ಲೂ ಎಂದದ್ದು, ಬೂಟನ್ನು ಕುತ್ತಿಗೆಗೆ ಹಾಕಿಕೊಂಡದ್ದು, ಬಸ್ಸಿಗೆ ಹೆದರಿದ್ದು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಉಸಿರು ತೆಗೆದುಕೊಂಡು, "ನಿನ್ನ ಕಾಲಲ್ಲಿ ಏನೋ ಇದೆ ಅಂದೆನಲ್ಲ, ಅದು ನಂದು ತಪ್ಪು ಲೀಲಾ," ಎಂದರು.

ಲೀಲಾವತಿ ಒಲೆ ಸಣ್ಣ ಮಾಡಿದರು. ಗಂಡನ ಬರಿಗಾಲನ್ನು ನೋಡಿದರು. ಅಂಗಾಲು ಡಾಂಬರಿನಂತೆ ಕಪ್ಪಗಾಗಿತ್ತು. "ಮೊದಲು ಹೋಗಿ ಕಾಲು ತೊಳ್ಕೊಂಡು ಬನ್ನಿ," ಎಂದಷ್ಟೇ ಹೇಳಿ ಸಾರಿನ ಕಡೆ ತಿರುಗಿದರು. ಅವರ ಭುಜ ಅಲುಗುತ್ತಿದ್ದದ್ದು ನಗುವಿಗೋ ಏನೋ, ಹಿಂದಿನಿಂದ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಸುಮಿತ್ರಾರ ಫೋನು ಬಂತು, ಹೊರಟಿದ್ದೇನೆ ಎಂದು. ಲೀಲಾವತಿ ಸೀರೆ ಉಟ್ಟು ಚೀಲ ತೆಗೆದುಕೊಂಡು ಕೆಳಗಿಳಿದರು. ಚಂದ್ರಕಾಂತರು ಆಗಲೇ ಬೈಕು ಒರೆಸಿ, ಸ್ಟಾರ್ಟ್ ಮಾಡಿ, ಏನೂ ಕೇಳುವ ಧೈರ್ಯವಿಲ್ಲದೆ ನಿಂತಿದ್ದರು.

"ಮೇನ್ ರೋಡ್ ತನಕ ಬಿಡಿ," ಎಂದರು ಲೀಲಾವತಿ. "ಚೀಲ ಭಾರ ಇದೆ."

ಕೂತರು. ಭುಜದ ಮೇಲೆ ಕೈ ಬಂತು. ಮೇನ್ ರೋಡಿನಲ್ಲಿ ಮೆಟ್ರೋ ಕಂಬದ ಪಕ್ಕ ಸುಮಿತ್ರಾರ ಬಿಳಿ ಕಾರು ನಿಂತಿತ್ತು, ಒಳಗಿನಿಂದ ಅವರು ಕೈಯೆತ್ತಿ ಕರೆಯುತ್ತಿದ್ದರು. ಚಂದ್ರಕಾಂತರು ಬ್ರೇಕಿನ ಮೇಲೆ ಕಾಲಿಟ್ಟರು.

"ಯಾಕ್ರೀ ನಿಲ್ಲಿಸ್ತೀರಿ?" ಎಂದಿತು ಹಿಂದಿನ ಸೀಟು. "ಹೋಗಿ, ಹೋಗಿ. ಸೇತುವೆ ಏರಿ ನೋಡೋಣ." ಮತ್ತು ಲೀಲಾವತಿ ಕಾರಿನತ್ತ ಕೈಬೀಸಿ, "ಸುಮಿತ್ರಾ, ನೀವು ಮುಂದೆ ಹೋಗ್ತಿರಿ, ನಾವು ಬಂದ್ವಿ!" ಎಂದು ಕೂಗಿದರು.

ಸೇತುವೆ ಏರಿತು, ಇಳಿಯಿತು. ಐಟಿಒ ಸಿಗ್ನಲ್ ಹಸಿರಾಗಿಯೇ ಇತ್ತು. ಭುಜದ ಮೇಲಿನ ಕೈ ಒಮ್ಮೆ ಒತ್ತಿತು. ಇಷ್ಟಾದರೂ ಲೀಲಾವತಿ ಮಾತು ತೆಗೆಯಲಿಲ್ಲ. ಇಂಡಿಯಾ ಗೇಟ್ ಸುತ್ತಿ ನೇರಳೆ ಮರಗಳ ಸಾಲಿಗೆ ತಿರುಗುವಾಗ ಹಿಂದಿನಿಂದ ಮಾತು ಶುರುವಾಯಿತು. ಬೆನ್ನಿಗೆ ಬಿಸಿಲು ಬಿದ್ದಂತೆ ಚಂದ್ರಕಾಂತರು ಹಿಗ್ಗಿದರು. ಆದರೆ ಹೆಲ್ಮೆಟ್ಟು, ಗಾಳಿ, ಪಕ್ಕದ ಬಸ್ಸು. ನಡುವೆ ಒಂದೆರಡು ಪದ ಸಿಕ್ಕಿ ಉಳಿದದ್ದು ಹಾರಿಹೋಯಿತು. ಇಂಥ ಹೊತ್ತಿನಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಮಾಡುತ್ತ ಬಂದದ್ದು ಒಂದೇ: ದನಿಯ ಏರಿಳಿತ ನೋಡಿಕೊಂಡು ನಡುನಡುವೆ 'ಹೂಂ' ಎನ್ನುವುದು. ಹೂಂ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. ಗಾಡಿಯನ್ನು ಬದಿಗೆ ತಂದು, ಮರದ ಕೆಳಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆದು ತಿರುಗಿದರು.

"ಕೇಳಿಸಲಿಲ್ಲ ಲೀಲಾ. ಮತ್ತೆ ಹೇಳು."

ಲೀಲಾವತಿ ಗಂಡನ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು.

"ಅಲ್ರೀ, ಮದುವೆಯಾದಾಗಿನಿಂದ ಒಂದು ಸಲಾನೂ ನೀವು ಕೇಳಿಸಲಿಲ್ಲ ಅಂದಿರಲಿಲ್ಲ!"

"ಇಲ್ಲ," ಎಂದು ಚಂದ್ರಕಾಂತರು ಒಪ್ಪಿಕೊಂಡರು.

"ಹಾಗಿದ್ರೆ ಇಷ್ಟು ವರ್ಷ ಹೂಂ ಹೂಂ ಅಂದಿದ್ದು?"

ಚಂದ್ರಕಾಂತರು ನೇರಳೆ ಮರವನ್ನು ನೋಡಿದರು. ಮರ ಅವರ ಸಹಾಯಕ್ಕೆ ಬರಲಿಲ್ಲ. ಲೀಲಾವತಿ ಮೊದಲು ಕಣ್ಣು ದೊಡ್ಡದು ಮಾಡಿದರು, ಆಮೇಲೆ ತಡೆಯಲಾಗದೆ ನಕ್ಕರು. ಭುಜ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುವಷ್ಟು ನಕ್ಕರು. ತರಗತಿಗೆ ಹೊತ್ತಾಗುತ್ತಿತ್ತು, ಆರ್.ಕೆ. ಪುರಂನ ಮಕ್ಕಳು ತಡವಾದ ಒಂದೊಂದು ನಿಮಿಷವನ್ನೂ ಸಂಭ್ರಮಿಸುತ್ತಿದ್ದರೇನೋ. ಇಬ್ಬರಿಗೂ ಹೊರಡುವ ಮನಸ್ಸಿರಲಿಲ್ಲ.

"ಸರಿ, ಈಗ ಹೇಳಿದ್ದಾದ್ರೂ ಪೂರ್ತಿ ಕೇಳಿ," ಎಂದರು ಕಣ್ಣೊರೆಸಿಕೊಂಡು. "ನಾನು ಗಾಡಿ ಓಡಿಸೋದು ಕಲೀತೀನಿ. ತನ್ವಿ ಕಲಿಸ್ತಾಳಂತೆ. ಲೈಸೆನ್ಸ್ ಬಂದ ಮೇಲೆ ಆರ್.ಕೆ. ಪುರಂ ತನಕ ನಾನು ಮುಂದೆ ಕೂರ್ತೀನಿ, ನೀವು ಹಿಂದೆ. ನೀವು ಮಾತಾಡ್ಬೇಕು, ನಾನು ಕೇಳ್ಬೇಕು. ಅದನ್ನೇ ಹೇಳ್ತಿದ್ದೆ. ಏನಂತೀರಿ?"

ಚಂದ್ರಕಾಂತರು ಪ್ರತಿ ಪದವನ್ನೂ ಕೇಳಿಸಿಕೊಂಡರು, ಯಾವುದನ್ನೂ ಒಂದು ಸಾಲಿಗೆ ಇಳಿಸಲಿಲ್ಲ, ಸ್ವಲ್ಪ ಹೊತ್ತು ಯೋಚಿಸಿದರು.

"ಹೂಂ," ಎಂದರು.